ತಾಯ್ನಾಡು ತೊರೆಯದೆ ವಿಜ್ಞಾನ: ಅಬ್ದುಸ್ ಸಲಾಂ ಕಟ್ಟಿದ ಜಾಗತಿಕ ಪಾಠಶಾಲೆ

ಸೈದ್ಧಾಂತಿಕ ಭೌತವಿಜ್ಞಾನಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ; ಕರಿಹಲಗೆ, ಕಾಗದ, ಪೆನ್ನು ಇದ್ದರೆ ಸಾಕು ಎಂಬ ನಂಬಿಕೆ ಸಾಮಾನ್ಯವಾಗಿದೆ. ಬಡ ರಾಷ್ಟ್ರಗಳಿಗೆ ಎಲ್ಲಕ್ಕಿಂತ ಅಗ್ಗವಾಗಿ ಎಟಕುವ ವಿಜ್ಞಾನವೆಂದರೆ ಇದೇ ಎಂಬ ಮಾತೂ ಇದೆ. ಆದರೆ ಈ ವಿದ್ಯೆಗೆ ಅತ್ಯಗತ್ಯವಾದ ಇನ್ನೊಂದು ಸಂಗತಿಯಿದೆ. ಅದು ಅದೇ ವಿಷಯವನ್ನು ಬಲ್ಲ ಇನ್ನೊಬ್ಬ ಮನುಷ್ಯನ ಸಾಮೀಪ್ಯ. ಲೆಕ್ಕದ ತಪ್ಪನ್ನು ತೋರಿಸುವವರು, ಹೊಸ ಕಲ್ಪನೆಯನ್ನು ತಿರಸ್ಕರಿಸುವವರು ಇಲ್ಲವೇ ಮೆಚ್ಚುವವರು, ಕಳೆದ ತಿಂಗಳು ಜಗತ್ತಿನಲ್ಲಿ ಏನು ನಡೆಯಿತೆಂದು ಹೇಳುವವರು ಹತ್ತಿರದಲ್ಲಿ ಇಲ್ಲವಾದರೆ ಎಂತಹ ಪ್ರತಿಭೆಯಾದರೂ ಕೆಲವೇ ವರ್ಷಗಳಲ್ಲಿ ಬಾಡಿಹೋಗುತ್ತದೆ.

ಈ ಸತ್ಯವನ್ನು ಸ್ವಂತ ಬದುಕಿನಲ್ಲಿ ಅನುಭವಿಸಿದವರು ಅಬ್ದುಸ್ ಸಲಾಂ. 1979ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಪಾಕಿಸ್ತಾನಿ ಎಂದು ಲೋಕ ಅವರನ್ನು ನೆನೆಯುತ್ತದೆ. ಆದರೆ ಅವರು ತಮ್ಮ ಆಯುಷ್ಯದ ಮೂರು ದಶಕಗಳನ್ನು ಮೀಸಲಿಟ್ಟದ್ದು ಇನ್ನೊಂದು ಕಾರ್ಯಕ್ಕೆ. ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಭೌತವಿಜ್ಞಾನಿಗಳನ್ನು ಒಂದೇ ಸೂರಿನಡಿ ತಂದು, ಕಲಿಸಿ, ಮತ್ತೆ ಅವರವರ ದೇಶಕ್ಕೆ ಕಳುಹಿಸುವ ವ್ಯವಸ್ಥೆಯನ್ನು ಅವರು ಕಟ್ಟಿದರು.

ಝಂಗ್‌ನಿಂದ ಲಾಹೋರಿಗೆ

ಸಲಾಂ ಹುಟ್ಟಿದ್ದು 1926ರ ಜನವರಿ 29ರಂದು, ಅವಿಭಜಿತ ಪಂಜಾಬಿನಲ್ಲಿ. ಬೆಳೆದದ್ದು ಝಂಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಚೌಧರಿ ಮುಹಮ್ಮದ್ ಹುಸೇನ್ ಶಿಕ್ಷಣ ಇಲಾಖೆಯ ನೌಕರರು. ಮನೆಯಲ್ಲಿ ಸಿರಿತನವಿರಲಿಲ್ಲ, ಓದಿಗೆ ಗೌರವವಿತ್ತು. 1940ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆ ಬರೆದ ಬಾಲಕ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಅಲ್ಲಿಯವರೆಗಿನ ಅತಿ ಹೆಚ್ಚು ಅಂಕ ಗಳಿಸಿದ. ಸೈಕಲ್ ಏರಿ ಊರಿಗೆ ಮರಳಿದ ಅವನನ್ನು ಸ್ವಾಗತಿಸಲು ಝಂಗ್‌ನ ಜನ ಬೀದಿಗೆ ಬಂದಿದ್ದರು.

ಮುಂದೆ ಲಾಹೋರಿನ ಸರ್ಕಾರಿ ಕಾಲೇಜು. ಅಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದವರು ಸಂಖ್ಯಾ ಸಿದ್ಧಾಂತದಲ್ಲಿ ಹೆಸರಾದ ಸರ್ವದಮನ್ ಚೌಲಾ. ತರಗತಿಯಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಸಮಸ್ಯೆಗಳ ಪ್ರಸ್ತಾಪ ಬರುತ್ತಿತ್ತು. 1943ರಲ್ಲಿ ಪ್ರಕಟವಾದ ಸಲಾಂ ಅವರ ಮೊದಲ ಬರಹವೂ ರಾಮಾನುಜನ್ ಅವರ ಒಂದು ಸಮೀಕರಣ ಸಮೂಹಕ್ಕೆ ಸರಳ ಪರಿಹಾರ ಸೂಚಿಸುವಂಥದು. ಲಾಹೋರಿನಲ್ಲಿ ಗಣಿತ ಕಲಿಸಿದ ಇನ್ನೊಬ್ಬ ಗುರು ಅನಿಲೇಂದ್ರ ಗಂಗೂಲಿ ದೇಶ ವಿಭಜನೆಯ ನಂತರ ಕಲ್ಕತ್ತೆಗೆ ವಲಸೆ ಹೋದರು. ನೊಬೆಲ್ ಬಂದ ಮೇಲೆ ಸಲಾಂ ಆ ಗುರುವನ್ನು ಹುಡುಕಿಸಿ, 1981ರಲ್ಲಿ ಕಲ್ಕತ್ತೆಯ ಮನೆಗೆ ಹೋಗಿ, ಹಾಸಿಗೆ ಹಿಡಿದಿದ್ದ ವೃದ್ಧರಿಗೆ ತಮ್ಮ ಪದಕವನ್ನು ಅರ್ಪಿಸಿದರು.

1946ರಲ್ಲಿ ಎಂ.ಎ. ಪದವಿ ಮುಗಿಯಿತು. ಮುಂದಿನ ದಾರಿ ತೆರೆದದ್ದು ಒಂದು ಆಕಸ್ಮಿಕ. ಎರಡನೆಯ ಮಹಾಯುದ್ಧದ ವೆಚ್ಚಕ್ಕೆಂದು ಪಂಜಾಬಿನಲ್ಲಿ ಸಂಗ್ರಹಿಸಿದ್ದ ನಿಧಿ ಯುದ್ಧ ಮುಗಿದ ಕಾರಣ ಉಳಿದುಹೋಗಿತ್ತು. ಅದರಿಂದ ಸಣ್ಣ ರೈತರ ಮಕ್ಕಳಿಗೆ ವಿದೇಶ ವ್ಯಾಸಂಗಕ್ಕೆ ಐದು ವಿದ್ಯಾರ್ಥಿವೇತನಗಳನ್ನು ನೀಡಲು ನಿರ್ಧರಿಸಲಾಯಿತು. ಅದೇ ವರ್ಷ ಪ್ರವೇಶ ಸಿಕ್ಕಿ ಹಡಗು ಹತ್ತಿದವರು ಸಲಾಂ ಒಬ್ಬರೇ. ಮರುವರ್ಷ ದೇಶ ವಿಭಜನೆಯಾಯಿತು. ಉಳಿದವರ ವಿದ್ಯಾರ್ಥಿವೇತನಗಳು ರದ್ದಾದವು. ಪ್ರತಿಭೆಗೆ ಅವಕಾಶ ಸಿಗುವುದು ಎಷ್ಟೋ ಬಾರಿ ಕೇವಲ ಅದೃಷ್ಟದ ಮಾತು ಎಂಬುದನ್ನು ಸಲಾಂ ಕೊನೆಯವರೆಗೂ ಮರೆಯಲಿಲ್ಲ.

ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಅವರು ಗಣಿತ ಹಾಗೂ ಭೌತವಿಜ್ಞಾನ ಎರಡರಲ್ಲೂ ಪ್ರಥಮ ದರ್ಜೆ ಗಳಿಸಿದರು. ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಲೆಕ್ಕಗಳಲ್ಲಿ ಅಡಿಗಡಿಗೆ ಎದುರಾಗುತ್ತಿದ್ದ ಅನಂತ ಸಂಖ್ಯೆಗಳನ್ನು ನಿವಾರಿಸುವ ಕ್ಲಿಷ್ಟ ಸಮಸ್ಯೆಯೊಂದನ್ನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ ಬಿಡಿಸಿದರು. 1950ರಲ್ಲಿ ಸ್ಮಿತ್ ಪ್ರಶಸ್ತಿ ಬಂತು. ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಿಂದ ಆಹ್ವಾನ ಬಂತು. ಇಪ್ಪತ್ತೈದರ ಹರೆಯದಲ್ಲಿಯೇ ಅವರ ಹೆಸರು ಈ ಕ್ಷೇತ್ರದ ಪರಿಣತರಿಗೆಲ್ಲ ಪರಿಚಿತವಾಗಿತ್ತು.

ಲಾಹೋರಿನ ಒಂಟಿತನ

1951ರಲ್ಲಿ ಸಲಾಂ ಸ್ವದೇಶಕ್ಕೆ ಮರಳಿದರು. ತಾವು ಓದಿದ ಸರ್ಕಾರಿ ಕಾಲೇಜಿನಲ್ಲಿಯೇ ಪ್ರಾಧ್ಯಾಪಕ ಹುದ್ದೆ ದೊರಕಿತು. ಒಂದು ಸಂಶೋಧನಾ ಪೀಳಿಗೆಯನ್ನು ಕಟ್ಟಬೇಕೆಂಬ ಕನಸಿತ್ತು. ಆದರೆ ಅಲ್ಲಿ ಸಂಶೋಧನೆಯ ಪರಂಪರೆ ಇರಲಿಲ್ಲ. ಹೊಸ ನಿಯತಕಾಲಿಕೆಗಳು ಬರುತ್ತಿರಲಿಲ್ಲ. ಚರ್ಚಿಸಲು ಸಮಾನ ಆಸಕ್ತರಿರಲಿಲ್ಲ. ಬೋಧನೆಯ ಜೊತೆಗೆ ಕಾಲೇಜಿನ ಯಾವುದಾದರೊಂದು ಹೊಣೆ ಹೊರಬೇಕೆಂದು ಆಡಳಿತ ಸೂಚಿಸಿದಾಗ ಅವರ ಪಾಲಿಗೆ ಬಂದದ್ದು ಫುಟ್‌ಬಾಲ್ ತಂಡದ ಉಸ್ತುವಾರಿ.

ಆ ಅವಧಿಯ ಒಂದು ಘಟನೆ ಪರಿಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ನೊಬೆಲ್ ಪುರಸ್ಕೃತ ವುಲ್ಫ್‌ಗಾಂಗ್ ಪೌಲಿ ಮುಂಬಯಿಗೆ ಬಂದಿದ್ದರು. ಮಾತಿಗೆ ಜೊತೆಗಾರರಿಲ್ಲದೆ ಬೇಸತ್ತ ಅವರು ಸಲಾಂ ಅವರಿಗೆ ಬರುವಂತೆ ತಂತಿ ಕಳುಹಿಸಿದರು. ಸಲಾಂ ತಡಮಾಡದೆ ವಿಮಾನ ಹತ್ತಿ ಮುಂಬಯಿ ತಲುಪಿದರು. ಲಾಹೋರಿಗೆ ಮರಳಿದಾಗ ಅನುಮತಿಯಿಲ್ಲದೆ ಗೈರುಹಾಜರಾದ ಆರೋಪ ಕಾದಿತ್ತು. ಆ ದಿನಗಳನ್ನು ವೇತನರಹಿತ ರಜೆಯೆಂದು ಪರಿಗಣಿಸಲಾಯಿತು. ಜಗತ್ತಿನ ಅಗ್ರಮಾನ್ಯ ಭೌತವಿಜ್ಞಾನಿಯೊಡನೆ ಕೆಲವು ದಿನ ಚರ್ಚಿಸುವುದು ಅಪರಾಧವೆನಿಸುವ ವ್ಯವಸ್ಥೆಯಲ್ಲಿ ಸಂಶೋಧನೆ ಬೆಳೆಯಲು ಸಾಧ್ಯವಿರಲಿಲ್ಲ.

1953ರಲ್ಲಿ ಲಾಹೋರಿನಲ್ಲಿ ಅಹಮದಿಯಾ ಪಂಥದವರ ವಿರುದ್ಧ ಗಲಭೆ ಭುಗಿಲೆದ್ದಿತು. ಸಲಾಂ ಅದೇ ಪಂಥಕ್ಕೆ ಸೇರಿದವರು. ನಗರದಲ್ಲಿ ಸೇನಾಡಳಿತ ಹೇರಬೇಕಾಯಿತು. 1954ರ ಆರಂಭದಲ್ಲಿ ಅವರು ಕೇಂಬ್ರಿಜ್‌ಗೆ ಉಪನ್ಯಾಸಕರಾಗಿ ಹೊರಟರು. ಭೌತವಿಜ್ಞಾನ ಅಥವಾ ಪಾಕಿಸ್ತಾನ, ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದೆಂಬ ಕ್ರೂರ ಆಯ್ಕೆ ಎದುರಾಗಿತ್ತು. ಅವರು ಭೌತವಿಜ್ಞಾನವನ್ನು ಆರಿಸಿಕೊಂಡರು. ಆದರೆ ತಮಗೆ ಎದುರಾದ ಈ ಆಯ್ಕೆ ಮುಂದಿನ ಪೀಳಿಗೆಗೆ ಎದುರಾಗಬಾರದೆಂಬ ಸಂಕಲ್ಪ ಅಲ್ಲಿಂದಲೇ ಮೊಳೆಯಿತು.

ಎತ್ತಿನ ಗಾಡಿಯ ವಾದ

1957ರಲ್ಲಿ ಸಲಾಂ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಹೋದ್ಯೋಗಿ ಪಾಲ್ ಮ್ಯಾಥ್ಯೂಸ್ ಜೊತೆಗೂಡಿ ಅಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಪ್ರಬಲ ತಂಡವೊಂದನ್ನು ಬೆಳೆಸಿದರು. ಇಸ್ರೇಲಿನ ಸೇನಾ ಪ್ರತಿನಿಧಿಯಾಗಿ ಲಂಡನ್ನಿಗೆ ಬಂದಿದ್ದ ಯುವಲ್ ನೀಮನ್ ಸಲಾಂ ಅವರ ಬಳಿ ಸಂಶೋಧನೆ ಮಾಡಿ, ಮೂಲಕಣಗಳ ವರ್ಗೀಕರಣಕ್ಕೆ ಮಹತ್ವದ ಕೊಡುಗೆ ನೀಡಿದರು. ಪಾಕಿಸ್ತಾನದ ರಿಯಾಜುದ್ದೀನ್ ಅವರಂಥ ಶಿಷ್ಯರೂ ಸಲಾಂ ಅವರ ಗರಡಿಯಲ್ಲಿ ಪಳಗಿದರು. 1959ರಲ್ಲಿ, 33ನೆಯ ವಯಸ್ಸಿನಲ್ಲಿ ಸಲಾಂ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

1960ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಹಾಧಿವೇಶನ ನಡೆಯಿತು. ಪಾಕಿಸ್ತಾನದ ಪ್ರತಿನಿಧಿಯಾಗಿ ಭಾಗವಹಿಸಿದ ಸಲಾಂ, ಸೈದ್ಧಾಂತಿಕ ಭೌತವಿಜ್ಞಾನಕ್ಕೆ ಒಂದು ಅಂತಾರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಬೇಕೆಂಬ ಪ್ರಸ್ತಾವ ಮಂಡಿಸಿದರು. ಅಭಿವೃದ್ಧಿಶೀಲ ರಾಷ್ಟ್ರಗಳು ಬೆಂಬಲಿಸಿದವು. ಶ್ರೀಮಂತ ರಾಷ್ಟ್ರಗಳಲ್ಲಿ ಹಲವು ಮೂಗು ಮುರಿದವು. ಈ ವಿದ್ಯೆ ವಿಜ್ಞಾನಗಳ ಪೈಕಿ ರೋಲ್ಸ್ ರಾಯ್ಸ್ ಕಾರಿನಂತೆ, ಬಡ ದೇಶಗಳಿಗೆ ಬೇಕಿರುವುದು ಎತ್ತಿನ ಗಾಡಿ ಎಂಬ ಅರ್ಥದ ವಾದವನ್ನು ಒಬ್ಬ ಪ್ರತಿನಿಧಿ ಮುಂದಿಟ್ಟದ್ದೂ ಉಂಟು.

ಸಲಾಂ ಅವರ ಉತ್ತರ ಸ್ಪಷ್ಟವಾಗಿತ್ತು. ಒಂದು ದೇಶದ ಎಂಜಿನಿಯರುಗಳಿಗೆ, ವೈದ್ಯರಿಗೆ, ಶಾಲಾ ಶಿಕ್ಷಕರಿಗೆ ಭೌತವಿಜ್ಞಾನ ಕಲಿಸುವವರು ವಿಶ್ವವಿದ್ಯಾಲಯಗಳ ಅಧ್ಯಾಪಕರು. ಆ ಅಧ್ಯಾಪಕರ ಜ್ಞಾನ ಇಪ್ಪತ್ತು ವರ್ಷ ಹಿಂದೆ ಬಿದ್ದರೆ ಇಡೀ ಶಿಕ್ಷಣ ವ್ಯವಸ್ಥೆಯೇ ಹಿಂದೆ ಬೀಳುತ್ತದೆ. ತಂತ್ರಜ್ಞಾನವನ್ನು ಕೊಂಡು ತರಬಹುದು. ಅದನ್ನು ಅರಿತು ಬಳಸುವ, ತಿದ್ದುವ, ಮುಂದೆ ಬೆಳೆಸುವ ಬುದ್ಧಿಯನ್ನು ಕೊಂಡು ತರಲಾಗದು. ಎತ್ತಿನ ಗಾಡಿಯಿಂದಾಚೆಗೆ ಹೋಗುವ ಹಕ್ಕು ಬಡ ದೇಶಗಳಿಗೂ ಉಂಟು ಎಂಬುದು ಅವರ ನಿಲುವಿನ ಸಾರ.

ಕೊನೆಗೆ ಪ್ರಸ್ತಾವಕ್ಕೆ ಒಪ್ಪಿಗೆ ದೊರಕಿತು. ಆದರೆ ಸಂಸ್ಥೆ ಮಂಜೂರು ಮಾಡಿದ ಮೊತ್ತ ಕೇವಲ 55,000 ಡಾಲರ್. ಉಳಿದ ಹಣವನ್ನು ಕೇಂದ್ರಕ್ಕೆ ಆಶ್ರಯ ನೀಡುವ ದೇಶವೇ ಭರಿಸಬೇಕಿತ್ತು. ಕೇಂದ್ರ ಲಾಹೋರಿನಲ್ಲಿ ತಲೆಯೆತ್ತಬೇಕೆಂಬುದು ಸಲಾಂ ಅವರ ಆಸೆಯಾಗಿತ್ತು. ಪಾಕಿಸ್ತಾನದ ಆಡಳಿತ ಅದಕ್ಕೆ ಬೇಕಾದ ಹಣ ಒದಗಿಸಲು ಮುಂದಾಗಲಿಲ್ಲ. ವಿಜ್ಞಾನಿಗಳಿಗೊಂದು ಹೋಟೆಲ್ ಕಟ್ಟುವ ಯೋಜನೆ ಎಂದು ಅಲ್ಲಿನ ಹಣಕಾಸು ಸಚಿವರು ಅದನ್ನು ತಳ್ಳಿಹಾಕಿದರೆಂದು ಹೇಳಲಾಗುತ್ತದೆ. ಆಗ ಉದಾರವಾಗಿ ಮುಂದೆ ಬಂದದ್ದು ಇಟಲಿ. ಟ್ರಿಯೆಸ್ಟ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪಾವೊಲೊ ಬುದಿನಿಚ್ ತಮ್ಮ ನಗರಕ್ಕೆ ಈ ಕೇಂದ್ರವನ್ನು ತರಲು ಹಗಲಿರುಳು ದುಡಿದರು.

ಟ್ರಿಯೆಸ್ಟ್ ಆಡ್ರಿಯಾಟಿಕ್ ಸಮುದ್ರದ ತೀರದಲ್ಲಿ, ಅಂದಿನ ಯುಗೊಸ್ಲಾವಿಯಾದ ಗಡಿಗೆ ಅಂಟಿಕೊಂಡಿದ್ದ ಬಂದರು ನಗರ. ಅಮೆರಿಕ ಮತ್ತು ಸೋವಿಯತ್ ಬಣಗಳ ನಡುವಣ ಶೀತಲ ಸಮರದ ದಿನಗಳಲ್ಲಿ ಅದು ಎರಡೂ ಕಡೆಯವರು ಬಂದು ಸೇರಬಹುದಾದ ಬಾಗಿಲಾಯಿತು. 1964ರ ಅಕ್ಟೋಬರ್‌ನಲ್ಲಿ ನಗರ ಮಧ್ಯದ ಒಂದು ಕಟ್ಟಡದಲ್ಲಿ ಅಂತಾರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಕಾರ್ಯಾರಂಭ ಮಾಡಿತು. ಸಲಾಂ ನಿರ್ದೇಶಕರು, ಬುದಿನಿಚ್ ಉಪನಿರ್ದೇಶಕರು. 1965-66ರಲ್ಲಿ ಅಮೆರಿಕದ ಮಾರ್ಷಲ್ ರೋಸೆನ್‌ಬ್ಲೂತ್ ಮತ್ತು ಸೋವಿಯತ್ ಒಕ್ಕೂಟದ ರೊಅಲ್ಡ್ ಸಗ್ದೇಯೆವ್ ಇಲ್ಲಿ ಜೊತೆಗೂಡಿ ಪ್ಲಾಸ್ಮಾ ಭೌತವಿಜ್ಞಾನದಲ್ಲಿ ಕೆಲಸ ಮಾಡಿದರು. 1968ರಲ್ಲಿ ಕೇಂದ್ರ ಮಿರಮಾರೆಯ ಸ್ವಂತ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. 1970ರಲ್ಲಿ ಯುನೆಸ್ಕೊ ಕೂಡ ಪಾಲುದಾರನಾಯಿತು.

ವ್ಯವಸ್ಥೆಯ ಒಳಗುಟ್ಟು

ಕಟ್ಟಡಕ್ಕಿಂತ ಮುಖ್ಯವಾದದ್ದು ಸಲಾಂ ರೂಪಿಸಿದ ಕಾರ್ಯವಿಧಾನ. ಬಡ ದೇಶದ ವಿದ್ಯಾರ್ಥಿಗಳನ್ನು ಕರೆತಂದು ಪದವಿ ಕೊಟ್ಟು ಯೂರೋಪಿನಲ್ಲಿಯೇ ಉಳಿಸಿಕೊಂಡರೆ ಅದು ಪ್ರತಿಭಾ ಪಲಾಯನಕ್ಕೆ ಇನ್ನೊಂದು ಹೆದ್ದಾರಿಯಾಗುತ್ತಿತ್ತು. ಅದಕ್ಕಾಗಿ ಅವರು ರೂಪಿಸಿದ್ದು ಅಸೋಸಿಯೇಟ್ ಯೋಜನೆ.

ಇದರ ಪ್ರಕಾರ ಅಭಿವೃದ್ಧಿಶೀಲ ರಾಷ್ಟ್ರವೊಂದರ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಿರುವ ಭೌತವಿಜ್ಞಾನಿ ಐದಾರು ವರ್ಷಗಳ ಅವಧಿಗೆ ಕೇಂದ್ರದ ಸಹವರ್ತಿಯಾಗುತ್ತಾನೆ. ಆ ಅವಧಿಯಲ್ಲಿ ಮೂರು ಬಾರಿ, ತನಗೆ ಅನುಕೂಲವಾದ ಸಮಯದಲ್ಲಿ, ಪ್ರತಿ ಬಾರಿ ಆರು ವಾರದಿಂದ ಮೂರು ತಿಂಗಳವರೆಗೆ ಟ್ರಿಯೆಸ್ಟ್‌ಗೆ ಬಂದು ಇರಬಹುದು. ಪ್ರಯಾಣ ಮತ್ತು ವಾಸದ ಖರ್ಚು ಕೇಂದ್ರದ್ದು. ಗ್ರಂಥಾಲಯ ತೆರೆದಿರುತ್ತದೆ, ಜಗತ್ತಿನ ಶ್ರೇಷ್ಠ ವಿಜ್ಞಾನಿಗಳು ಪಕ್ಕದ ಕೊಠಡಿಯಲ್ಲಿರುತ್ತಾರೆ. ಷರತ್ತು ಒಂದೇ: ಉಳಿದ ಕಾಲವೆಲ್ಲ ಆತ ತನ್ನ ದೇಶದಲ್ಲಿ ನೆಲೆಸಿ, ಅಲ್ಲಿಯೇ ಪಾಠ ಹೇಳಬೇಕು.

ಸರಳವಾಗಿ ಕಾಣುವ ಈ ಷರತ್ತಿನಲ್ಲಿ ಸಲಾಂ ಅವರ ಸ್ವಂತ ನೋವು ಅಡಗಿದೆ. 1951ರಲ್ಲಿ ಲಾಹೋರಿನ ಯುವ ಪ್ರಾಧ್ಯಾಪಕನಿಗೆ ವರ್ಷಕ್ಕೆ ಮೂರು ತಿಂಗಳು ಇಂಥದೊಂದು ತಾಣ ದೊರೆತಿದ್ದರೆ ಆತ ದೇಶ ಬಿಡುವ ಅಗತ್ಯ ಬೀಳುತ್ತಿರಲಿಲ್ಲ.

ಎರಡನೆಯದು ಒಕ್ಕೂಟದ ವ್ಯವಸ್ಥೆ. ಇಲ್ಲಿ ಒಪ್ಪಂದ ವ್ಯಕ್ತಿಯೊಡನೆ ಅಲ್ಲ, ಸಂಸ್ಥೆಯೊಡನೆ. ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯೊಂದು ಖರ್ಚಿನ ಒಂದು ಪಾಲನ್ನು ತಾನು ಹೊತ್ತು, ಗೊತ್ತಾದಷ್ಟು ದಿನಗಳ ಮಟ್ಟಿಗೆ ತನ್ನ ಕಿರಿಯ ಅಧ್ಯಾಪಕರನ್ನೂ ಸಂಶೋಧನಾ ವಿದ್ಯಾರ್ಥಿಗಳನ್ನೂ ಟ್ರಿಯೆಸ್ಟ್‌ಗೆ ಕಳುಹಿಸಬಹುದಿತ್ತು. ಯಾರು ಯಾವಾಗ ಹೋಗಬೇಕೆಂಬ ತೀರ್ಮಾನ ಆಯಾ ವಿಭಾಗದ್ದೇ. ಹೀಗೆ ಬೇರೆ ಬೇರೆ ಖಂಡಗಳ ವಿಭಾಗಗಳು ಒಂದೇ ಪಾಠಕ್ರಮ, ಒಂದೇ ಗ್ರಂಥಾಲಯ, ಒಂದೇ ಗುರುವೃಂದವನ್ನು ಹಂಚಿಕೊಳ್ಳುವಂತಾಯಿತು. ಪ್ರತಿಯೊಂದು ವಿಶ್ವವಿದ್ಯಾಲಯವೂ ಪೂರ್ಣ ಪ್ರಮಾಣದ ಸಂಶೋಧನಾ ಶಾಲೆಯನ್ನು ಕಟ್ಟಲು ಅಶಕ್ತವಾಗಿದ್ದಾಗ, ಎಲ್ಲರೂ ಸೇರಿ ಒಂದನ್ನು ಬಳಸಿಕೊಳ್ಳುವ ಸಹಕಾರ ತತ್ತ್ವ ಇದು.

ಮೂರನೆಯದು ವಾರಗಟ್ಟಲೆ ನಡೆಯುವ ಬೋಧನಾ ಶಿಬಿರಗಳು. ಘನಸ್ಥಿತಿ ಭೌತವಿಜ್ಞಾನ, ಪ್ಲಾಸ್ಮಾ, ನ್ಯೂಕ್ಲಿಯರ್ ಭೌತವಿಜ್ಞಾನ, ಮೂಲಕಣಗಳು, ಗಣಿತ, ವಾತಾವರಣದ ಅಧ್ಯಯನ ಹೀಗೆ ವಿಷಯಗಳು ವಿಸ್ತರಿಸುತ್ತ ಹೋದವು. ಉಪನ್ಯಾಸಗಳ ಪ್ರತಿಗಳು ಕೈಯಿಂದ ಕೈಗೆ ಸಾಗಿ, ಅಂತರ್ಜಾಲವಿಲ್ಲದ ಆ ಕಾಲದಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಹಾಗೂ ಸಂಶೋಧನಾ ತರಗತಿಗಳಿಗೆ ಪಠ್ಯವಾದವು. ಶ್ರೀಮಂತ ದೇಶಗಳಲ್ಲಿ ಹೆಚ್ಚುವರಿಯಾಗಿ ಉಳಿದ ಪುಸ್ತಕ ಹಾಗೂ ನಿಯತಕಾಲಿಕೆಗಳನ್ನು ಸಂಗ್ರಹಿಸಿ ಬಡ ದೇಶಗಳ ಗ್ರಂಥಾಲಯಗಳಿಗೆ ಕಳುಹಿಸುವ ಯೋಜನೆಯೂ ನಡೆಯಿತು.

1991ರಲ್ಲಿ ಡಿಪ್ಲೊಮಾ ಕಾರ್ಯಕ್ರಮ ಆರಂಭವಾಯಿತು. ಪದವಿ ಮುಗಿಸಿದರೂ ಪಿಎಚ್.ಡಿ. ಮಟ್ಟದ ಸಿದ್ಧತೆ ಇಲ್ಲದ ದೇಶಗಳ ವಿದ್ಯಾರ್ಥಿಗಳಿಗೆ ಒಂದು ವರ್ಷದ ತೀವ್ರ ಬೋಧನೆ ನೀಡಿ, ಆ ಕೊರತೆಯನ್ನು ತುಂಬುವುದು ಅದರ ಉದ್ದೇಶ. ಮುಂದೆ 2000ದ ದಶಕದಲ್ಲಿ ಬಂದ ಇನ್ನೊಂದು ಯೋಜನೆಯಡಿ ಸಂಶೋಧನಾ ವಿದ್ಯಾರ್ಥಿಗಳು ಪ್ರತಿ ವರ್ಷ ಕೆಲವು ತಿಂಗಳು ಟ್ರಿಯೆಸ್ಟ್‌ನಲ್ಲಿದ್ದು, ಪದವಿಯನ್ನು ಮಾತ್ರ ತಮ್ಮ ತಾಯ್ನಾಡಿನ ವಿಶ್ವವಿದ್ಯಾಲಯದಿಂದಲೇ ಪಡೆಯುವಂತಾಯಿತು. ಸಲಾಂ ಆಗ ಇರಲಿಲ್ಲ. ಯೋಜನೆಯ ತಿರುಳು ಮಾತ್ರ ಅವರದೇ.

ಬಲಗಳ ಏಕೀಕರಣ ಮತ್ತು ಕೋಲಾರದ ನಂಟು

ಲಂಡನ್ ಮತ್ತು ಟ್ರಿಯೆಸ್ಟ್ ನಡುವೆ ಓಡಾಡುತ್ತ, ನಿಧಿ ಸಂಗ್ರಹಕ್ಕೆ ದೇಶದೇಶ ಸುತ್ತುತ್ತ ಇದ್ದ ಸಲಾಂ ಸಂಶೋಧನೆಯನ್ನು ಬಿಡಲಿಲ್ಲ ಎಂಬುದು ಅಚ್ಚರಿಯ ಸಂಗತಿ. ವಿದ್ಯುತ್ಕಾಂತೀಯ ಬಲ ಹಾಗೂ ಪರಮಾಣು ಬೀಜದ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲ ಇವೆರಡೂ ಒಂದೇ ಮೂಲದ ಎರಡು ಮುಖಗಳೆಂದು ತೋರಿಸುವ ಸಿದ್ಧಾಂತವನ್ನು ಅವರು 1968ರಲ್ಲಿ ಮಂಡಿಸಿದರು. ಅಮೆರಿಕದ ಸ್ಟೀವನ್ ವೈನ್‌ಬರ್ಗ್ 1967ರಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಶೆಲ್ಡನ್ ಗ್ಲಾಷೋ 1961ರಲ್ಲಿಯೇ ಇದಕ್ಕೆ ಅಡಿಪಾಯ ಹಾಕಿದ್ದರು. 1973ರಲ್ಲಿ ಜಿನೀವಾದ ಸೆರ್ನ್ ಪ್ರಯೋಗಾಲಯದಲ್ಲಿ ಈ ಸಿದ್ಧಾಂತಕ್ಕೆ ಮೊದಲ ಪುರಾವೆ ದೊರಕಿತು. 1979ರಲ್ಲಿ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಸಿದ್ಧಾಂತ ಮುನ್ನುಡಿದಿದ್ದ ಡಬ್ಲ್ಯು ಮತ್ತು ಝೆಡ್ ಕಣಗಳು 1983ರಲ್ಲಿ ಪತ್ತೆಯಾದವು.

ಸಲಾಂ ಅವರ ಇನ್ನೊಂದು ಚಿಂತನೆ ಕರ್ನಾಟಕದ ನೆಲದಾಳಕ್ಕೂ ಇಳಿಯಿತು. ಒಡಿಶಾ ಮೂಲದ ಭೌತವಿಜ್ಞಾನಿ ಜೋಗೇಶ್ ಪತಿ ಅವರೊಂದಿಗೆ 1973-74ರಲ್ಲಿ ಅವರು ರೂಪಿಸಿದ ಸಿದ್ಧಾಂತದ ಪ್ರಕಾರ ವಸ್ತುವಿನ ಆಧಾರವೆನಿಸಿದ ಪ್ರೋಟಾನ್ ಕೂಡ ಶಾಶ್ವತವಲ್ಲ. ಅತಿ ದೀರ್ಘ ಕಾಲದ ನಂತರ ಅದೂ ಕ್ಷಯಿಸಬಹುದು. ಇಂಥ ಏಕೀಕರಣ ಸಿದ್ಧಾಂತಗಳ ಭವಿಷ್ಯವಾಣಿಯನ್ನು ಪರೀಕ್ಷಿಸಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಸಹಯೋಗದಲ್ಲಿ 1980ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಸುಮಾರು 140 ಟನ್ ತೂಕದ ಸಾಧನವನ್ನು ಸ್ಥಾಪಿಸಿದರು. ಪ್ರೋಟಾನ್ ಕ್ಷಯವನ್ನು ಹೋಲುವ ಕೆಲವು ಘಟನೆಗಳು ಅಲ್ಲಿ ದಾಖಲಾದವು. ಆದರೆ ಬೇರೆಡೆಯ ಪ್ರಯೋಗಗಳು ಅವನ್ನು ಸಮರ್ಥಿಸಲಿಲ್ಲ. ಪ್ರೋಟಾನ್ ಕ್ಷಯವನ್ನು ಇಂದಿಗೂ ಯಾರೂ ಕಂಡಿಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.

ತಾಯ್ನಾಡಿನ ತಿರಸ್ಕಾರ

ಲಂಡನ್ನಿನಲ್ಲಿದ್ದರೂ ಸಲಾಂ ಪಾಕಿಸ್ತಾನದ ಪೌರತ್ವ ಬಿಡಲಿಲ್ಲ. 1961ರಿಂದ 1974ರವರೆಗೆ ಅಲ್ಲಿನ ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರರಾಗಿದ್ದರು. ಪರಮಾಣು ಶಕ್ತಿ ಹಾಗೂ ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗಳು ರೂಪುಗೊಳ್ಳುವಲ್ಲಿ ಅವರ ಪಾತ್ರ ದೊಡ್ಡದು. 1974ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತಂದು ಅಹಮದಿಯಾ ಪಂಥದವರನ್ನು ಮುಸ್ಲಿಮೇತರರೆಂದು ಘೋಷಿಸಿತು. ಸಲಾಂ ಪ್ರತಿಭಟಿಸಿ ಸಲಹೆಗಾರ ಹುದ್ದೆ ತ್ಯಜಿಸಿದರು.

ಆದರೂ ಸಂಬಂಧ ಕಡಿದುಕೊಳ್ಳಲಿಲ್ಲ. 1976ರಲ್ಲಿ ಪಾಕಿಸ್ತಾನದ ಗಿರಿಧಾಮ ನಥಿಯಾಗಲಿಯಲ್ಲಿ ಭೌತವಿಜ್ಞಾನದ ಅಂತಾರಾಷ್ಟ್ರೀಯ ಬೇಸಿಗೆ ಶಾಲೆ ಆರಂಭವಾದದ್ದು ಅವರ ಪ್ರೇರಣೆಯಿಂದ. ಶಿಷ್ಯ ರಿಯಾಜುದ್ದೀನ್ ಅದರ ನೊಗ ಹೊತ್ತರು. ಟ್ರಿಯೆಸ್ಟ್‌ನ ಮಾದರಿ ಸಲಾಂ ಅವರ ಸ್ವಂತ ನೆಲದಲ್ಲಿ ಬೇರು ಬಿಟ್ಟದ್ದು ಹೀಗೆ. ತಮಗೆ ಬಂದ ಪ್ರಶಸ್ತಿಗಳ ಹಣವನ್ನು ಬಡ ದೇಶಗಳ ಯುವ ವಿಜ್ಞಾನಿಗಳ ನೆರವಿಗೆ ಅವರು ಮೀಸಲಿಟ್ಟರು.

ನೊಬೆಲ್ ಸ್ವೀಕರಿಸಲು ಸ್ಟಾಕ್‌ಹೋಮ್‌ನ ವೇದಿಕೆಯೇರಿದಾಗ ಸಲಾಂ ಪಂಜಾಬಿ ಪೇಟ ಮತ್ತು ಶೇರ್ವಾನಿ ಧರಿಸಿದ್ದರು. ಆದರೆ ಅದೇ ತಿಂಗಳು ಪಾಕಿಸ್ತಾನಕ್ಕೆ ಬಂದಾಗ ವಿದ್ಯಾರ್ಥಿ ಗುಂಪೊಂದರ ಬೆದರಿಕೆಯಿಂದಾಗಿ ಇಸ್ಲಾಮಾಬಾದಿನ ವಿಶ್ವವಿದ್ಯಾಲಯದಲ್ಲಿ ನಿಗದಿಯಾಗಿದ್ದ ಉಪನ್ಯಾಸ ರದ್ದಾಯಿತು. ನೂರಾರು ವಿಶ್ವವಿದ್ಯಾಲಯಗಳ ಬಾಗಿಲು ತೆರೆಸಿದವರಿಗೆ ತಾಯ್ನಾಡಿನ ವಿಶ್ವವಿದ್ಯಾಲಯವೊಂದರ ಬಾಗಿಲು ಮುಚ್ಚಿತ್ತು.

1983ರಲ್ಲಿ ಸಲಾಂ ಟ್ರಿಯೆಸ್ಟ್‌ನಲ್ಲಿಯೇ ತೃತೀಯ ಜಗತ್ತಿನ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಭೌತವಿಜ್ಞಾನದ ಆಚೆಗಿನ ಎಲ್ಲ ವಿಜ್ಞಾನಗಳಿಗೂ ಅದೇ ನೆರವು ದೊರೆಯಬೇಕೆಂಬುದು ಇದರ ಆಶಯ. 2000ದಿಂದ 2006ರವರೆಗೆ ಈ ಅಕಾಡೆಮಿಯ ಅಧ್ಯಕ್ಷರಾಗಿದ್ದವರು ಕನ್ನಡಿಗ ವಿಜ್ಞಾನಿ ಸಿ.ಎನ್.ಆರ್. ರಾವ್.

ಕೊನೆಯ ವರ್ಷಗಳಲ್ಲಿ ನರಗಳನ್ನು ಕುಗ್ಗಿಸುವ ಅಪರೂಪದ ಕಾಯಿಲೆ ಸಲಾಂ ಅವರನ್ನು ಕಾಡಿತು. ನಡಿಗೆ, ನಂತರ ಮಾತು ಕಷ್ಟವಾಯಿತು. 1993ರವರೆಗೆ ಅವರು ಕೇಂದ್ರದ ನಿರ್ದೇಶಕರಾಗಿದ್ದರು. 1996ರ ನವೆಂಬರ್ 21ರಂದು ಆಕ್ಸ್‌ಫರ್ಡ್‌ನಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಪಾರ್ಥಿವ ಶರೀರವನ್ನು ಪಾಕಿಸ್ತಾನದ ರಬ್ವಾಕ್ಕೆ ತಂದು ಮಣ್ಣು ಮಾಡಲಾಯಿತು. ಮೊದಲ ಮುಸ್ಲಿಂ ನೊಬೆಲ್ ಪುರಸ್ಕೃತ ಎಂದು ಸಮಾಧಿಶಿಲೆಯ ಮೇಲೆ ಕೆತ್ತಲಾಗಿದ್ದ ಸಾಲಿನಿಂದ ಮುಸ್ಲಿಂ ಎಂಬ ಪದವನ್ನು ಮುಂದೆ ಅಧಿಕಾರಿಗಳ ಆದೇಶದಂತೆ ಅಳಿಸಲಾಯಿತು. 1997ರಲ್ಲಿ ಟ್ರಿಯೆಸ್ಟ್‌ನ ಕೇಂದ್ರಕ್ಕೆ ಅಬ್ದುಸ್ ಸಲಾಂ ಅವರ ಹೆಸರಿಡಲಾಯಿತು.

ಉಳಿದ ಪ್ರಶ್ನೆ

ಸಲಾಂ ಅವರ ಯೋಜನೆ ಎಷ್ಟರ ಮಟ್ಟಿಗೆ ಫಲಿಸಿತು? ಕೇಂದ್ರ ಆರಂಭವಾದಂದಿನಿಂದ ಅಲ್ಲಿಗೆ ನಡೆದ ವಿಜ್ಞಾನಿಗಳ ಭೇಟಿಗಳ ಸಂಖ್ಯೆ ಲಕ್ಷವನ್ನು ದಾಟಿದೆ. ಬ್ರೆಜಿಲ್ ಮತ್ತು ರುವಾಂಡಾದಲ್ಲಿ ಅದರ ಸಹೋದರ ಸಂಸ್ಥೆಗಳು ಹುಟ್ಟಿಕೊಂಡಿವೆ. ದೇಶದ ನಾನಾ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳನ್ನು ಒಂದೆಡೆ ಸೇರಿಸಿ ಕಲಿಸುವ ಕಾರ್ಯವನ್ನು ಭಾರತದಲ್ಲಿ 2007ರಲ್ಲಿ ರೂಪುಗೊಂಡ, ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿರುವ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಮಾಡುತ್ತಿದೆ.

ಹಾಗೆಂದು ಪ್ರತಿಭಾ ಪಲಾಯನ ನಿಂತಿಲ್ಲ. ಉತ್ತಮ ಸಂಬಳ, ಪ್ರಯೋಗಾಲಯ, ಸ್ವಾತಂತ್ರ್ಯ ಇರುವೆಡೆಗೆ ಯುವಕರು ಹೋಗುತ್ತಲೇ ಇದ್ದಾರೆ. ಮೂರು ತಿಂಗಳ ಟ್ರಿಯೆಸ್ಟ್ ವಾಸ ಉಳಿದ ತಿಂಗಳುಗಳ ಬರವನ್ನು ಪೂರ್ತಿ ನೀಗಿಸಲಾರದು. ಅಧ್ಯಾಪಕನಿಗೆ ಸಂಶೋಧನೆಗೆ ಬಿಡುವು ನೀಡದ, ಅವನ ನಂಬಿಕೆಯ ಕಾರಣಕ್ಕೆ ಅವನನ್ನು ಹೊರಗಿಡುವ ವ್ಯವಸ್ಥೆಯನ್ನು ಯಾವ ಅಂತಾರಾಷ್ಟ್ರೀಯ ಕೇಂದ್ರವೂ ಬದಲಿಸಲಾರದು. ಅದು ಆಯಾ ದೇಶ ತಾನೇ ಮಾಡಿಕೊಳ್ಳಬೇಕಾದ ಕೆಲಸ.

ಸಲಾಂ ಅವರಿಗೆ ಇದು ತಿಳಿಯದ ವಿಷಯವೇನಲ್ಲ. ಆದರೂ ಅವರು ತಮ್ಮ ಕೈಲಾದದ್ದನ್ನು ಮಾಡಿದರು. ದೂರದ ಸಣ್ಣ ವಿಶ್ವವಿದ್ಯಾಲಯವೊಂದರಲ್ಲಿ ಒಬ್ಬಂಟಿಯಾಗಿ ಕ್ವಾಂಟಂ ಸಿದ್ಧಾಂತ ಕಲಿಸುವ ಅಧ್ಯಾಪಕ ಬೇಸಿಗೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹೊರಟು, ಹೊಸ ಲೆಕ್ಕಗಳೊಂದಿಗೆ ಮರಳಿ ಬಂದು ಅದೇ ತರಗತಿಯಲ್ಲಿ ಪಾಠ ಮುಂದುವರಿಸುವುದು ಅವರಿಂದ ಸಾಧ್ಯವಾಯಿತು. ತಾವು ಮಾತ್ರ ಹಾಗೆ ಮರಳಿ ಬರಲು ಅವರಿಗೆ ಸಾಧ್ಯವಾಗಲಿಲ್ಲ.